ಗೀರು ಸಣ್ಣದಾದಷ್ಟೂ ಹೊಳಪು ಹೆಚ್ಚು

ಹಳೆಯ ಕಾರುಗಳ ಬಾನೆಟ್ ಎತ್ತಿದರೆ ಎಂಜಿನ್ನಿನ ನೆತ್ತಿಯ ಮೇಲೆ ಅಲ್ಯೂಮಿನಿಯಂ ಎರಕದ ಟ್ಯಾಪೆಟ್ ಕವರ್ ಕಾಣುವುದುಂಟು. ವರ್ಷಗಟ್ಟಲೆ ಜಿಡ್ಡು, ತೇವ ಕುಡಿದು ಅದು ಬೂದುಬಣ್ಣಕ್ಕೆ ತಿರುಗಿರುತ್ತದೆ. ಅದನ್ನು ಮನೆಯಲ್ಲೇ ಮುಖ ಕಾಣುವಷ್ಟು ಮಿರುಗಿಸಬಹುದು. ಆದರೆ ಪಾಲಿಶ್ ಡಬ್ಬಿಯೊಂದನ್ನೇ ನಂಬಿ ಹೊರಟರೆ ಆಗದು.

ನಯವಾದ ಅಲ್ಯೂಮಿನಿಯಂ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ಶೇ. 90ರಷ್ಟನ್ನು ಹಿಂದಿರುಗಿಸುತ್ತದೆ. ಒರಟು ಮೈಯೂ ಬೆಳಕನ್ನು ಹಿಂದಿರುಗಿಸುತ್ತದೆ, ಆದರೆ ದಿಕ್ಕಾಪಾಲಾಗಿ ಚೆದುರಿಸಿಬಿಡುತ್ತದೆ. ಅದೇ ನಮ್ಮ ಕಣ್ಣಿಗೆ ಮಂಕು. ಬೆಳಕಿನ ಅಲೆಯ ಉದ್ದ 0.4ರಿಂದ 0.7 ಮೈಕ್ರೋಮೀಟರ್. ಮೇಲ್ಮೈಯ ಉಬ್ಬುತಗ್ಗು ಅದಕ್ಕಿಂತ ಎಷ್ಟೋ ಕಡಿಮೆಯಾದಾಗ ಮಾತ್ರ ಪ್ರತಿಬಿಂಬ ಮೂಡುತ್ತದೆ. ಹಾಗಾಗಿ ಪಾಲಿಶ್ ಮಾಡುವುದೆಂದರೆ ದೊಡ್ಡ ಗೀರುಗಳನ್ನು ಸವೆಸಿ, ಅವುಗಳ ಜಾಗದಲ್ಲಿ ಸಣ್ಣ ಗೀರುಗಳನ್ನು ಎಳೆಯುತ್ತಾ ಹೋಗುವುದು.

ಮೊದಲು ಸೀಮೆಎಣ್ಣೆಯಲ್ಲಿ ಜಿಡ್ಡು ತೆಗೆದು, ಸೋಪಿನ ನೀರಿನಲ್ಲಿ ತೊಳೆಯಿರಿ. ಕಾಸ್ಟಿಕ್ ಸೋಡಾ ಮಾತ್ರ ಬೇಡ. ಅದು ಅಲ್ಯೂಮಿನಿಯಮ್ಮನ್ನೇ ಕರಗಿಸಿ ಹೈಡ್ರೋಜನ್ ಅನಿಲ ಬಿಡುತ್ತದೆ. ಮೇಲೆ ಲ್ಯಾಕರ್ ಇದ್ದರೆ ಅದನ್ನು ಪೂರ್ತಿ ತೆಗೆಯದೆ ಲೋಹ ಕೈಗೆ ಸಿಗುವುದಿಲ್ಲ.

ಆಮೇಲೆ ವಾಟರ್ ಪೇಪರ್. 320ರಿಂದ ಶುರುಮಾಡಿ 400, 600, 800, 1200, 2000 ಹೀಗೆ ಏರಬೇಕು. ನಂಬರ್ ಹೆಚ್ಚಿದಂತೆ ಕಣ ಸಣ್ಣದಾಗುತ್ತದೆ. ಪೇಪರನ್ನು ಸೋಪಿನ ನೀರಿನಲ್ಲಿ ಅದ್ದುತ್ತಿದ್ದರೆ ಮೆದುವಾದ ಲೋಹದ ಪುಡಿ ಅದಕ್ಕೆ ಮೆತ್ತಿಕೊಳ್ಳುವುದಿಲ್ಲ, ಧೂಳೂ ಏಳುವುದಿಲ್ಲ. ಪೇಪರ್ ಬದಲಿಸಿದಾಗಲೆಲ್ಲ ಉಜ್ಜುವ ದಿಕ್ಕನ್ನೂ ಬದಲಿಸಿ, ಹೊಲಕ್ಕೆ ಅಡ್ಡ ಉಳುಮೆ ಹೊಡೆದಂತೆ. ಹಳೆಯ ದಿಕ್ಕಿನ ಒಂದು ಗೀರು ಕಂಡರೂ ಮುಂದಿನ ನಂಬರಿಗೆ ಹೋಗಬೇಡಿ. ಅವಸರದಲ್ಲಿ ಒಂದು ಮೆಟ್ಟಿಲು ಹಾರಿದವರಿಗೆ ಕೊನೆಯ ಹೊಳಪಿನಲ್ಲಿ ಆ ಗೀರೇ ಎದ್ದು ಕಾಣುತ್ತದೆ.

2000ದ ಪೇಪರಿನ ಕಣವೂ ಸುಮಾರು 10 ಮೈಕ್ರೋಮೀಟರ್ ಗಾತ್ರದ್ದು. ಬೆಳಕಿನ ಅಲೆಯ ಮುಂದೆ ಅದಿನ್ನೂ ದೊಡ್ಡದು. ಪಾಲಿಶ್ ಪೇಸ್ಟಿಗೂ ಬಫ್ ಚಕ್ರಕ್ಕೂ ಕೆಲಸ ಬರುವುದು ಇಲ್ಲಿ. ಉಜ್ಜಿದಂತೆಲ್ಲ ಬಟ್ಟೆ ಕಪ್ಪಾಗುತ್ತದೆ. ಅದು ಕೊಳೆಯಲ್ಲ, ಪೇಸ್ಟಿನೊಡನೆ ಬೆರೆತ ಅಲ್ಯೂಮಿನಿಯಮ್ಮಿನ ಅತಿಸಣ್ಣ ಕಣಗಳು. ಕಪ್ಪು ನಿಲ್ಲಲಿ ಎಂದು ಕಾಯುವವರು ದಿನವಿಡೀ ಉಜ್ಜುತ್ತಲೇ ಇರಬೇಕಾದೀತು.

ಗಾಳಿ ತಾಗಿದೊಡನೆ ಈ ಮೈಮೇಲೆ ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪದರ ಕಟ್ಟಿಕೊಳ್ಳುತ್ತದೆ. ಅದು ಪಾರದರ್ಶಕ, ಲೋಹಕ್ಕೆ ಕಾವಲು ಕೂಡ. ಆದರೆ ತೇವ, ಉಪ್ಪು ಸೇರಿದಲ್ಲಿ ಈ ಕಾವಲು ಸಾಲದೆ ಮತ್ತೆ ಮಂಕು ಹಿಡಿಯುತ್ತದೆ. ಆಗಾಗ ಪೇಸ್ಟ್ ಹಚ್ಚಿ ಒರೆಸಬೇಕಾಗುವುದು ಇದಕ್ಕೇ.

ಅಲ್ಯೂಮಿನಿಯಮ್ಮಿನ ಒಣ ಧೂಳು ಬೆಂಕಿ ಹಿಡಿಯುವ ಸರಕು. ಬಫ್ ಮಾಡುವಾಗ ಕನ್ನಡಕ, ಮಾಸ್ಕ್ ಇರಲಿ. ಪಕ್ಕದಲ್ಲಿ ಕಬ್ಬಿಣ ಉಜ್ಜಿ ಕಿಡಿ ಹಾರಿಸಬೇಡಿ. ಗ್ಯಾಸ್ಕೆಟ್ ಕೂರುವ ಅಂಚನ್ನು ಮುಟ್ಟಬೇಡಿ, ಅಲ್ಲಿ ಸವೆದರೆ ಎಣ್ಣೆ ಸೋರುತ್ತದೆ. ಜೋಡಿಸುವ ಮುಂಚೆ ಕವರಿನ ಒಳಮೈಯನ್ನು ಚೆನ್ನಾಗಿ ತೊಳೆಯಿರಿ. ಉಳಿದ ಕಣಗಳು ಎಣ್ಣೆಯೊಡನೆ ಸೇರಿ ಬೇರಿಂಗುಗಳನ್ನು ತಿನ್ನುತ್ತವೆ. ಹೊಸದಾಗಿ ಕೈಹಾಕುವವರು ಗುಜರಿಯಿಂದ ಒಂದು ಸಣ್ಣ ಎರಕದ ತುಂಡು ತಂದು ಅದರ ಮೇಲೆ ಕೈ ಪಳಗಿಸಿಕೊಳ್ಳುವುದು ಒಳ್ಳೆಯದು.