ಪುಟ ಹಾರೋದಲ್ಲ, ಜಾರಬೇಕು: ಸ್ಮೂತ್ ಸ್ಕ್ರೋಲಿಂಗ್ ಒಳಗಿನ ಕೆಲಸ

(ಸಂಚಿಕೆಯ ಬರಹ ರೂಪ)

ಮಾಲೂರಿಂದ ಬೆಳಗಿನ ಟ್ರೈನ್ ಹಿಡಿದು ವೈಟ್‌ಫೀಲ್ಡ್ ಕಡೆ ಹೊರಟವರಿಗೆ, ಮುಳಬಾಗಿಲು ಬಸ್ಸಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕವರಿಗೆ, ಸೀಟು ಸಿಗದೆ ಕಂಬಿ ಹಿಡಿದುಕೊಂಡು ಕೇಳ್ತಾ ಇರೋರಿಗೂ ಇವತ್ತಿನ ವಿಷಯ ನಿಮ್ಮ ಹೆಬ್ಬೆರಳ ಕೆಳಗೇ ಇದೆ: ಸ್ಕ್ರೋಲಿಂಗ್.

ಒಂದು ಪುಟ ಊಹಿಸಿಕೊಳ್ಳಿ. ಮಾರುಕಟ್ಟೆ ದರದ ಉದ್ದನೆ ಪುಟ. ಮೇಲುಗಡೆ ನಾಲ್ಕು ಲಿಂಕ್: ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ. ಮಾವಿನ ಸೀಸನ್, ನೀವು ಶ್ರೀನಿವಾಸಪುರ ಒತ್ತುತ್ತೀರಿ. ಪುಟ ಟಕ್ ಅಂತ ಎಲ್ಲಿಗೋ ಹೋಯ್ತು. ಮೇಲಕ್ಕೆ ಹೋಯ್ತಾ, ಕೆಳಕ್ಕೆ ಹೋಯ್ತಾ? ಗೊತ್ತಾಗಲಿಲ್ಲ. ಬೆರಳಲ್ಲಿ ಸ್ವಲ್ಪ ಹಿಂದೆ ಎಳೆದರೆ ಮತ್ತೊಂದು ಪಟ್ಟಿ, ನೋಡೋಕೆ ಎಲ್ಲವೂ ಒಂದೇ ಥರ. 15 ಕೆಜಿ ಟೊಮೆಟೊ ಬಾಕ್ಸಿನ ದರವನ್ನು ಒಂದು ಊರಿನದು ಅಂದುಕೊಂಡು ಇನ್ನೊಂದು ಊರಿನದನ್ನು ಓದಿಬಿಟ್ಟರೆ, ಟೆಂಪೊ ಲೋಡ್ ಆಗಿ ನಿಂತಿರೋ ಮನೆಯಲ್ಲಿ ಅದು ಸಣ್ಣ ವಿಷಯ ಅಲ್ಲ.

ಅದೇ ಪುಟ ಅರ್ಧ ಸೆಕೆಂಡು ಜಾರಿಕೊಂಡು ಹೋಗಿದ್ದರೆ? ಮಾಲೂರು ದಾಟಿತು, ಮುಳಬಾಗಿಲು ದಾಟಿತು, ಇಲ್ಲಿ ನಿಂತಿತು ಅಂತ ಕಣ್ಣಿಗೆ ಒಂದು ಲೆಕ್ಕ ಸಿಗುತ್ತೆ. ಸ್ಮೂತ್ ಸ್ಕ್ರೋಲಿಂಗ್ ಬರೀ ಶೋಕಿ ಅಂತ ನಾನೂ ಅಂದುಕೊಂಡಿದ್ದೆ. ಅಲ್ಲ, ಅದು ದಾರಿ ತೋರಿಸೋ ಕೆಲಸ.

ಈಗ ಎಂಜಿನ್ ವಿಷಯ. ಬ್ರೌಸರ್ ಅಂದ್ರೆ ಬಸ್ಸಿನ ಬಾಡಿ, ಬಣ್ಣ, ಬೋರ್ಡು. ಒಳಗಿನ ಎಂಜಿನ್ ಬೇರೆ. ಕ್ರೋಮ್ ಒಳಗೆ ಬ್ಲಿಂಕ್, ಸಫಾರಿ ಒಳಗೆ ವೆಬ್‌ಕಿಟ್, ಫೈರ್‌ಫಾಕ್ಸ್ ಒಳಗೆ ಗೆಕ್ಕೊ. ನಮ್ಮಲ್ಲಿ ಐಫೋನ್‌ನಲ್ಲಿ ಕ್ರೋಮ್ ಹಾಕಿಕೊಂಡರೂ ಒಳಗೆ ಓಡೋದು ವೆಬ್‌ಕಿಟ್ಟೇ.

ಪುಟ ಬರೆಯುವವರು ಸಿಎಸ್‌ಎಸ್‌ನಲ್ಲಿ ಒಂದೇ ಸಾಲು ಹಾಕಿದರೆ ಸಾಕು: ಸ್ಕ್ರೋಲ್-ಬಿಹೇವಿಯರ್, ಸ್ಮೂತ್. ಆದರೆ ಆ ಒಂದು ಸಾಲು ಅರ್ಥ ಆಗೋ ಹಾಗೆ ಎಂಜಿನ್ ತಯಾರಾಗೋಕೆ ವರ್ಷಗಳೇ ಹಿಡಿದವು. ಫೈರ್‌ಫಾಕ್ಸ್‌ಗೆ 2015ರಲ್ಲಿ ಬಂತು, ಆವೃತ್ತಿ 36. ಕ್ರೋಮ್‌ಗೆ 2017ರಲ್ಲಿ, ಆವೃತ್ತಿ 61. ಸಫಾರಿಗೆ? 2022ರ ಮಾರ್ಚ್, ಆವೃತ್ತಿ 15.4. ವೆಬ್‌ಕಿಟ್‌ಗೆ ಇದನ್ನು ಸೇರಿಸುವ ಕೆಲಸದಲ್ಲಿ ದೊಡ್ಡ ಪಾಲು ಸ್ಪೇನ್‌ನ ಇಗಾಲಿಯಾ ಅನ್ನೋ ಸಂಸ್ಥೆಯ ಎಂಜಿನಿಯರ್‌ಗಳದ್ದು. ಅದನ್ನು ನಡೆಸೋರು ಅಲ್ಲಿ ದುಡಿಯೋರೇ, ನಮ್ಮ ಸಹಕಾರ ಸಂಘದ ಥರ. ಆಪಲ್ ಫೋನಿನ ಒಳಗೆ ಹೊರಗಿನವರ ಕೋಡ್ ಓಡುತ್ತೆ ಅನ್ನೋದು ಎಷ್ಟೋ ಜನಕ್ಕೆ ಗೊತ್ತಿಲ್ಲ.

ಇಷ್ಟು ಹೊತ್ತು ಯಾಕೆ ಬೇಕು ಅಂತ ನೋಡೋಣ.

ಹಳೇ ರೀತಿಯಲ್ಲಿ ಎಂಜಿನ್‌ಗೆ ಒಂದೇ ಸಂಖ್ಯೆ ಬದಲಾಯಿಸಿದರೆ ಮುಗೀತು. ಪುಟದ ಜಾಗ ಸೊನ್ನೆ ಇತ್ತು, ಈಗ 5000 ಪಿಕ್ಸೆಲ್. ಹೊಸ ರೀತಿಯಲ್ಲಿ 5000 ಅನ್ನೋದು ತಲುಪಬೇಕಾದ ಊರು ಮಾತ್ರ. ಸೆಕೆಂಡಿಗೆ 60 ಸಲ ಬದಲಾಗೋ ಪರದೆಯಲ್ಲಿ ಅರ್ಧ ಸೆಕೆಂಡಿಗೆ 30 ಚಿತ್ರ. ಪ್ರತಿ ಚಿತ್ರಕ್ಕೂ ಈಗ ಎಲ್ಲಿರಬೇಕು ಅಂತ ಲೆಕ್ಕ ಹಾಕಬೇಕು, ಅದೂ ಸುಮಾರು 16.7 ಮಿಲಿಸೆಕೆಂಡ್ ಒಳಗೆ. ಸಮನಾಗಿ ಹಂಚಿದರೆ ಒಂದೊಂದಕ್ಕೆ 167 ಪಿಕ್ಸೆಲ್, ಆದರೆ ಹಾಗೆ ಮಾಡಿದರೆ ಡ್ರೈವರ್ ಕ್ಲಚ್ ತಟ್ಟನೆ ಬಿಟ್ಟ ಹಾಗೆ ಅನ್ನಿಸುತ್ತೆ. ಪಿಯುಸಿಯಲ್ಲಿ ಬೈಕೊಂಡು ಓದಿದ ಕೊಸೈನ್ ನೆನಪಿದೆಯಾ? ಅದರ ಗೆರೆ ಬಳಸಿದರೆ ಮೊದಲ ಚಿತ್ರದಲ್ಲಿ ಪುಟ ಬರೀ 14 ಪಿಕ್ಸೆಲ್ ಸರಿಯುತ್ತೆ, ನಡುವೆ ಒಂದೊಂದು ಚಿತ್ರಕ್ಕೆ 260ರ ಹತ್ತಿರ, ಕೊನೆಗೆ ಮತ್ತೆ 14. ಸ್ಟ್ಯಾಂಡಿಂದ ಮೆಲ್ಲಗೆ ಹೊರಟು, ಹೈವೇಲಿ ಓಡಿ, ಸ್ಟಾಪ್ ಬರ್ತಿದ್ದ ಹಾಗೆ ನಿಧಾನ ಆದ ಹಾಗೆ. ಯಾವ ಗೆರೆ, ಎಷ್ಟು ಹೊತ್ತು ಅನ್ನೋದನ್ನು ನಿಯಮಾವಳಿ ಹೇಳಿಲ್ಲ, ಆಯಾ ಎಂಜಿನ್‌ಗೆ ಬಿಟ್ಟಿದೆ. ಅದಕ್ಕೇ ಒಂದೇ ಪುಟ ಎರಡು ಬ್ರೌಸರಲ್ಲಿ ಬೇರೆ ಬೇರೆ ಥರ ಜಾರುತ್ತೆ.

ಲೆಕ್ಕ ಸುಲಭ. ಚಿತ್ರ ರೆಡಿ ಇರಬೇಕಲ್ಲ, ಅಲ್ಲೇ ಇರೋದು ಕಷ್ಟ. ಎಂಜಿನ್ ಪುಟವನ್ನು ಚೌಕ ಚೌಕವಾಗಿ ಕತ್ತರಿಸಿ, ಒಂದೊಂದನ್ನೂ ಮೊದಲೇ ಬಿಡಿಸಿಟ್ಟುಕೊಳ್ಳುತ್ತೆ. ಇಂಗ್ಲಿಷ್‌ನವರು ಅದನ್ನು ಟೈಲ್ ಅಂತಾರೆ. ಮಾಲೂರಿನವರಿಗೆ ಟೈಲ್ ಅಂದ್ರೆ ಏನು ಅಂತ ನಾನು ಹೇಳಬೇಕಾಗಿಲ್ಲ. ಹೆಂಚು ಸುಟ್ಟು ರೆಡಿ ಇದ್ದರೆ ಹೊದಿಸೋದು ಬೇಗ. ಹಾಗೆ, ಚೌಕಗಳು ರೆಡಿ ಇದ್ದರೆ ಕಂಪೊಸಿಟರ್ ಅನ್ನೋ ಭಾಗ ಅವನ್ನು ಸುಮ್ಮನೆ ಸರಿಸುತ್ತೆ. ಪುಟದ ಜಾವಾಸ್ಕ್ರಿಪ್ಟ್ ಬೇರೆ ಕಡೆ ಏನೋ ಹೆಣಗಾಡ್ತಿದ್ದರೂ ಇದು ನಿಲ್ಲಲ್ಲ. ಕಡಿಮೆ ರ‍್ಯಾಮ್ ಫೋನಲ್ಲಿ ಜೋರಾಗಿ ಎಳೆದಾಗ ಬಿಳೀ ಖಾಲಿ ಜಾಗ ಕಾಣುತ್ತಲ್ಲ? ಅಲ್ಲಿ ಹೆಂಚು ಇನ್ನೂ ಗೂಡಲ್ಲೇ ಇದೆ.

ಒಂದು ಚಿತ್ರ ತಪ್ಪಿತು ಅನ್ನಿ. ಆಗ ಎಂಜಿನ್ ಎಷ್ಟನೇ ಚಿತ್ರ ಅಂತ ಎಣಿಸಿದರೆ ಕೆಟ್ಟಿತು, ಹಳೇ ಫೋನಲ್ಲಿ ಪ್ರಯಾಣ ಎರಡರಷ್ಟು ಉದ್ದ ಆಗುತ್ತೆ. ಹಾಗಾಗಿ ಗಡಿಯಾರ ನೋಡಬೇಕು: ಹೊರಟು 200 ಮಿಲಿಸೆಕೆಂಡ್ ಆಯ್ತು, ಇಷ್ಟು ದೂರದಲ್ಲಿರಬೇಕು.

ಇನ್ನೂ ಇದೆ. ಪುಟ ಜಾರ್ತಾ ಇರುವಾಗ ನೀವು ಬೆರಳಿಟ್ಟರೆ? ಎಂಜಿನ್ ತನ್ನ ಪ್ರಯಾಣ ಅಲ್ಲೇ ಬಿಟ್ಟು ನಿಮ್ಮ ಮಾತು ಕೇಳಬೇಕು. ಅರ್ಧ ದಾರಿಯಲ್ಲಿ ಇನ್ನೊಂದು ಲಿಂಕ್ ಒತ್ತಿದರೆ? ಈಗಿರೋ ಜಾಗದಿಂದಲೇ ಹೊಸ ಲೆಕ್ಕ ಶುರು ಮಾಡಬೇಕು. ನಡುವೆ ಜಾಹೀರಾತೊಂದು ಲೋಡ್ ಆಗಿ ಪುಟ ಉದ್ದ ಆದರೆ? ತಲುಪಬೇಕಾದ ಊರೇ ಸ್ವಲ್ಪ ಆಚೆ ಸರಿದುಬಿಡ್ತು!

ಎಲ್ಲ ಪುಟಕ್ಕೂ ಇದನ್ನೇ ಹಾಕಿಬಿಡಬಹುದಿತ್ತಲ್ಲ ಅಂತ ಕೇಳಬಹುದು. ಹಳೇ ವೆಬ್‌ಸೈಟ್‌ಗಳ ಕೋಡ್ 'ಅಲ್ಲಿಗೆ ಹೋಗು' ಅಂದ ಮರುಕ್ಷಣವೇ 'ತಲುಪಿದ್ದೀನಿ' ಅಂತ ನಂಬಿ ಬರೆದಿದ್ದು. ಜಾರೋಕೆ ಶುರು ಮಾಡಿದರೆ ಅವು ಎಡವುತ್ತವೆ. ಅದಕ್ಕೆ ಕೇಳಿದವರಿಗೆ ಮಾತ್ರ ಅಂತ ಇಟ್ಟರು. ತಲುಪಿದೆ ಅಂತ ಪುಟಕ್ಕೆ ತಿಳಿಸೋ 'ಸ್ಕ್ರೋಲ್‌ಎಂಡ್' ಅನ್ನೋ ಸೂಚನೆ ಫೈರ್‌ಫಾಕ್ಸ್, ಕ್ರೋಮ್‌ಗೆ ಬಂದಿದ್ದು 2023ರಲ್ಲಿ. ತಡವೇ, ಬಿಡಿ.

ಕೊನೆಗೆ ನಮ್ಮನೆ ವಿಷಯ. ನಮ್ಮಮ್ಮನಿಗೆ ತಲೆಸುತ್ತು. ಪರದೆ ಮೇಲೆ ಅಕ್ಷರ ಸರ‍್ರನೆ ಓಡಿದರೆ ಫೋನ್ ಪಕ್ಕಕ್ಕಿಟ್ಟು ಕಣ್ಣು ಮುಚ್ಚಿಕೊಳ್ತಾರೆ. ನನಗೆ ದಾರಿ ತೋರಿಸೋದೇ ಅವರಿಗೆ ಹಿಂಸೆ. ಇಂಥವರಿಗಾಗಿ ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿ ಒಳಗೆ 'ರಿಮೂವ್ ಅನಿಮೇಷನ್ಸ್' ಇದೆ, ಐಫೋನ್‌ನಲ್ಲಿ 'ರಿಡ್ಯೂಸ್ ಮೋಷನ್'. ಪುಟ ಬರೆಯೋರು ಸಿಎಸ್‌ಎಸ್‌ನಲ್ಲೇ 'ಇವರಿಗೆ ಚಲನೆ ಕಡಿಮೆ ಬೇಕಾ' ಅಂತ ಪರೀಕ್ಷಿಸಿ, ಬೇಡ ಅಂದವರಿಗೆ ಆ ಸಾಲು ಬಿಟ್ಟುಬಿಡಬಹುದು. ಎರಡೇ ನಿಮಿಷದ ಕೆಲಸ. ಕೋಡಿಂಗ್ ಕಲೀತಾ ಇರೋರು ನಿಮ್ಮ ಮುಂದಿನ ಪುಟದಲ್ಲಿ ಹಾಕಿ ನೋಡಿ. ಉಳಿದವರು ಇವತ್ತು ಸಂಜೆ ಮನೆಗೆ ಹೋದಮೇಲೆ, ಅಮ್ಮನೋ ಅಜ್ಜಿಯೋ ಯಾಕೆ ಫೋನ್ ಪಕ್ಕಕ್ಕಿಡ್ತಾರೆ ಅಂತ ಒಂದು ಸಲ ಕೇಳಿ, ಬೇಕಾದರೆ ಆ ಸೆಟ್ಟಿಂಗ್ ಆನ್ ಮಾಡಿಕೊಡಿ.

ಮುಂದಿನ ವಾರ ಸಿಗೋಣ.