ಕಾಂಟ್ರ್ಯಾಕ್ಟಿನ ಬಾಲ

ನಿಮ್ಮಲ್ಲಿ ಕೆಲವರು ಇಲ್ಲಿ ಅಮೆರಿಕದಲ್ಲಿ ರೆಸಿಡೆನ್ಸಿಯ ಕೊನೆಯ ವರ್ಷದಲ್ಲಿದ್ದೀರಿ. ಜೂನ್ 30ರವರೆಗೆ ನೀವು ಬರೆದದ್ದನ್ನು ಅಟೆಂಡಿಂಗ್ ನೋಡುತ್ತಾರೆ. ಆಮೇಲೆ ಅಟೆಂಡಿಂಗ್ ನೀವೇ. ರೋಗಿಯನ್ನು ನೋಡುವುದು ನಿಮಗೆ ಬರುತ್ತದೆ, ಆದರೆ ಕೆಲಸದ ಕಾಂಟ್ರ್ಯಾಕ್ಟ್ ಓದುವುದು? ನಾನು ಕನ್ನಡ ಎಂ.ಎ., ಡಾಕ್ಟರಲ್ಲ. ಅಕ್ಕನ ಮಗಳ ಜೊತೆ ಕೂತು ಅವಳ ಕಾಂಟ್ರ್ಯಾಕ್ಟ್ ಓದುವಾಗ ಕಲಿತದ್ದು ಇದು.

ಮಾಲ್‌ಪ್ರಾಕ್ಟಿಸ್ ಇನ್ಶೂರೆನ್ಸ್‌ನಲ್ಲಿ ಮುಖ್ಯವಾಗಿ ಎರಡು ಬಗೆ. ‘ಅಕರೆನ್ಸ್’ ಆದರೆ, ಪಾಲಿಸಿ ಇದ್ದಾಗ ನೀವು ಕೊಟ್ಟ ಚಿಕಿತ್ಸೆಯ ಬಗ್ಗೆ ದೂರು ಯಾವಾಗ ಬಂದರೂ ರಕ್ಷಣೆ ಉಂಟು. ‘ಕ್ಲೇಮ್ಸ್-ಮೇಡ್’ ಆದರೆ, ದೂರು ಬರುವಾಗಲೂ ಪಾಲಿಸಿ ಚಾಲ್ತಿಯಲ್ಲಿರಬೇಕು. ಆ ಕೆಲಸ ಬಿಟ್ಟಿರೋ, ಹಳೆಯ ರೋಗಿಗಳು ಮುಂದೆ ಹಾಕಬಹುದಾದ ಕೇಸುಗಳಿಗಾಗಿ ‘ಟೇಲ್’ ಎಂಬ ವಿಮೆ ಬೇಕು. ಬಾಲ ಅಂದರೆ ಸಣ್ಣದೆಂದುಕೊಳ್ಳಬೇಡಿ. ಅದರ ಬೆಲೆ ಎಷ್ಟೋ ಸಲ ವರ್ಷದ ಪ್ರೀಮಿಯಂನ ಎರಡು ಪಟ್ಟಿನಷ್ಟಿರುತ್ತದೆ. ಹೆರಿಗೆ ಡಾಕ್ಟರಿಗೆ, ಸರ್ಜನ್ನರಿಗೆ ಪ್ರೀಮಿಯಮ್ಮೇ ದುಬಾರಿ, ಲೆಕ್ಕ ನೀವೇ ಹಾಕಿ.

ನಮ್ಮ ಹುಡುಗಿಯದು ಕ್ಲೇಮ್ಸ್-ಮೇಡ್. ಟೇಲ್ ಯಾರು ಕೊಡಬೇಕೆಂಬ ಮಾತೇ ಕಾಂಟ್ರ್ಯಾಕ್ಟಿನಲ್ಲಿ ಇರಲಿಲ್ಲ. ಕೇಳಿದರೆ, “ನಾವೇ ಕೊಡ್ತೀವಿ” ಎಂದು ಫೋನಿನಲ್ಲಿ ಹೇಳಿದರು. “ಬರೆದು ಕೊಡಿ” ಅಂದಳು. ಕಾಗದ ಬರಲು ಹತ್ತು ದಿನ ಹಿಡಿಯಿತು. ಅದು ಬಂದ ಮೇಲೆಯೇ ಸಹಿ ಹಾಕಿದಳು.