ಆತಂಕ: ಲೆಕ್ಕಪುಸ್ತಕಕ್ಕೆ ಸೇರದ ಹೊಣೆ

ವ್ಯಾಪಾರವೆಂದ ಮೇಲೆ ಚಿಂತೆ ತಪ್ಪಿದ್ದಲ್ಲ. ಬರಬೇಕಾದ ಬಾಕಿ, ಬ್ಯಾಂಕಿನ ಕಂತು, ಕಾರ್ಮಿಕರ ವೇತನ, ಜಿ.ಎಸ್.ಟಿ. ವಿವರಪಟ್ಟಿಯ ಕೊನೆಯ ದಿನಾಂಕ - ಇವುಗಳ ನಡುವೆಯೇ ವರ್ತಕನ ಬದುಕು ಸಾಗುತ್ತದೆ. ಆದರೆ ಚಿಂತೆ ಬೇರೆ, ನಿರಂತರ ಆತಂಕ ಬೇರೆ. ಚಿಂತೆಗೆ ಒಂದು ಕಾರಣವಿರುತ್ತದೆ. ಕಾರಣ ತೀರಿದೊಡನೆ ಅದೂ ತೀರುತ್ತದೆ. ಆತಂಕವಾದರೋ ಬಾಕಿ ವಸೂಲಾದ ಮೇಲೂ ಎದೆಯಲ್ಲಿಯೇ ಉಳಿಯುತ್ತದೆ.

ಕೆಲವು ವರ್ಷಗಳ ಹಿಂದೆ ನನ್ನ ಕಕ್ಷಿದಾರರಲ್ಲೊಬ್ಬರಾದ ಸಣ್ಣ ಕೈಗಾರಿಕೋದ್ಯಮಿ ಒಂದು ಕೈಚೀಲದೊಡನೆ ಕಚೇರಿಗೆ ಬಂದರು. ಅದರಲ್ಲಿ 11 ಲಕೋಟೆಗಳಿದ್ದವು, ಒಂದನ್ನೂ ತೆರೆದಿರಲಿಲ್ಲ. ಟಪಾಲು ಬಂದರೆ ಎದೆ ಬಡಿದುಕೊಳ್ಳುತ್ತದೆ, ಅಂಗೈ ಬೆವರುತ್ತದೆ, ರಾತ್ರಿ ಮೂರಕ್ಕೆ ಎಚ್ಚರವಾಗುತ್ತದೆ ಎಂದರು. ಎರಡು ಬಾರಿ ಇ.ಸಿ.ಜಿ. ಮಾಡಿಸಿದ್ದರು, ಹೃದಯದಲ್ಲಿ ದೋಷವಿರಲಿಲ್ಲ. ಲಕೋಟೆಗಳನ್ನು ನಾವಿಬ್ಬರೂ ಕುಳಿತು ತೆರೆದೆವು. ಏಳು ಕೇವಲ ಮಾಹಿತಿ ಪತ್ರಗಳು. ಮೂರಕ್ಕೆ ಉತ್ತರ ಬರೆಯಬೇಕಿತ್ತು. ಉಳಿದ ಒಂದು, ನೋಟೀಸಿಗೆ ಉತ್ತರ ಬಾರದ ಕಾರಣ ಹೊರಡಿಸಿದ ತೆರಿಗೆ ಆದೇಶ. ಮೊದಲೇ ಒಂದು ಪುಟದ ವಿವರಣೆ ಕೊಟ್ಟಿದ್ದರೆ ಮುಗಿಯುತ್ತಿದ್ದ ವಿಷಯವದು. ಮೇಲ್ಮನವಿಗೆ ಒಂಬತ್ತು ದಿನ ಮಾತ್ರ ಉಳಿದಿತ್ತು.

ಹೋರಾಟ ಅಥವಾ ಪಲಾಯನ

ಇದು ಹೇಡಿತನವೂ ಅಲ್ಲ, ಸೋಮಾರಿತನವೂ ಅಲ್ಲ. ಅಮೆರಿಕದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ 1915ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಭಯ ಮತ್ತು ಕ್ರೋಧದ ಸಂದರ್ಭದಲ್ಲಿ ದೇಹದಲ್ಲಾಗುವ ಬದಲಾವಣೆಗಳನ್ನು ವಿವರಿಸಿದರು. ಅಪಾಯ ಕಂಡೊಡನೆ ಮೂತ್ರಪಿಂಡಗಳ ಮೇಲಿರುವ ಗ್ರಂಥಿಗಳು ಅಡ್ರಿನಲಿನ್ ಸ್ರವಿಸುತ್ತವೆ. ಹೃದಯದ ಬಡಿತ ಹೆಚ್ಚುತ್ತದೆ, ರಕ್ತಕ್ಕೆ ಸಕ್ಕರೆ ಸೇರುತ್ತದೆ, ಜೀರ್ಣಕ್ರಿಯೆ ನಿಧಾನವಾಗುತ್ತದೆ. ದೇಹವು ಹೋರಾಡಲು ಇಲ್ಲವೇ ಓಡಲು ಸಿದ್ಧವಾಗುತ್ತದೆ. ಎದುರಿಗಿರುವುದು ಹುಲಿಯಾದರೆ ಕೆಲವು ನಿಮಿಷಗಳಲ್ಲಿ ಪ್ರಸಂಗ ಮುಗಿಯುತ್ತದೆ. ಸಾಲದ ಕಂತು ಹಾಗಲ್ಲ, ಪ್ರತಿ ತಿಂಗಳೂ ಬರುತ್ತದೆ. ಆದುದರಿಂದ ದೇಹ ಸದಾ ಎಚ್ಚರದ ಸ್ಥಿತಿಯಲ್ಲಿಯೇ ಉಳಿದು, ನಿದ್ರೆ, ಜೀರ್ಣಶಕ್ತಿ, ರಕ್ತದೊತ್ತಡ ಎಲ್ಲವೂ ಏರುಪೇರಾಗುತ್ತವೆ.

ನಮ್ಮ ವೃತ್ತಿಗಳಲ್ಲಿ ಪಲಾಯನವೆಂದರೆ ತೆರೆಯದ ಲಕೋಟೆ, ಎತ್ತದ ದೂರವಾಣಿ ಕರೆ. ಹೋರಾಟವೆಂದರೆ ಗುಮಾಸ್ತನ ಮೇಲೆ ರೇಗಾಟ, ಅಧಿಕಾರಿಯೊಡನೆ ಜಗಳ. ಎರಡರಿಂದಲೂ ಹೊಣೆ ಬೆಳೆಯುತ್ತದೆಯೇ ಹೊರತು ಕರಗುವುದಿಲ್ಲ.

ಏನು ಮಾಡಬಹುದು?

ಮೊದಲನೆಯದಾಗಿ, ವೈದ್ಯರಲ್ಲಿ ಪರೀಕ್ಷೆ. ಥೈರಾಯ್ಡ್ ಗ್ರಂಥಿಯ ಅತಿಸ್ರಾವ, ಹೃದಯದ ತೊಂದರೆ, ಸಕ್ಕರೆಯ ಅಂಶದ ಕುಸಿತ - ಇವೂ ಇಂತಹುದೇ ಲಕ್ಷಣ ತೋರಬಲ್ಲವು. ಎದೆನೋವನ್ನು ತಾವೇ ಆತಂಕವೆಂದು ನಿರ್ಧರಿಸತಕ್ಕದ್ದಲ್ಲ.

ಎರಡನೆಯದಾಗಿ, ಉಸಿರು. ಎದೆಬಡಿತ ಏರಿದಾಗ ನಿಧಾನವಾಗಿ ಉಸಿರೆಳೆದು, ಅದಕ್ಕಿಂತ ದೀರ್ಘವಾಗಿ ಹೊರಬಿಡುವುದನ್ನು ಐದು ನಿಮಿಷ ಮಾಡಿದರೆ ದೇಹ ಶಾಂತಸ್ಥಿತಿಯತ್ತ ಮರಳಲು ಸಹಾಯವಾಗುತ್ತದೆ. ದಿನಕ್ಕೆ ಏಳೆಂಟು ಲೋಟ ಕಾಫಿ ಕುಡಿಯುವವರು ಅದನ್ನು ತಗ್ಗಿಸುವುದು ಲೇಸು. ನಿದ್ರೆಗಾಗಿ ಮದ್ಯದ ಮೊರೆಹೋಗುವುದು ಬಡ್ಡಿ ಕಟ್ಟಲು ಮತ್ತೊಂದು ಸಾಲ ಮಾಡಿದಂತೆ.

ಮೂರನೆಯದು ನಮ್ಮ ಲೆಕ್ಕಶಾಸ್ತ್ರದ ಪಾಠ. ಲೆಕ್ಕಪತ್ರ ಮಾನಕ 29ರ ಪ್ರಕಾರ, ಸಂಭವಿಸದಿರುವುದಕ್ಕಿಂತ ಸಂಭವಿಸುವ ಸಾಧ್ಯತೆಯೇ ಹೆಚ್ಚಾಗಿರುವ, ಮೊತ್ತ ಅಂದಾಜಿಸಬಹುದಾದ ಹೊಣೆಗೆ ಮಾತ್ರ ಹಣ ಕಾದಿರಿಸುತ್ತೇವೆ. ಸಂಭವಿಸಬಹುದಾದುದನ್ನು ಟಿಪ್ಪಣಿಯಲ್ಲಿ ನಮೂದಿಸುತ್ತೇವೆ. ತೀರಾ ದೂರದ ಸಾಧ್ಯತೆಯನ್ನು ನಮೂದಿಸುವುದೂ ಇಲ್ಲ. ಆತಂಕಗೊಂಡ ಮನಸ್ಸು ಮೂರನ್ನೂ ಪೂರ್ಣ ಮೊತ್ತಕ್ಕೆ ಖರ್ಚು ಬರೆಯುತ್ತದೆ. ಒಂದು ಹಾಳೆಯಲ್ಲಿ ಭಯಗಳನ್ನು ಬರೆದು, ಪ್ರತಿಯೊಂದರ ಎದುರು ಮೊತ್ತ, ದಿನಾಂಕ, ಸಾಧ್ಯತೆ ಮತ್ತು ತಮ್ಮ ಕೈಯಲ್ಲಿರುವ ಕ್ರಮವನ್ನು ನಮೂದಿಸಿ ನೋಡಿ. ಪಟ್ಟಿ ಬಹಳ ಚಿಕ್ಕದಾಗುವುದನ್ನು ಕಂಡಿದ್ದೇನೆ. ಉಳಿದುದಕ್ಕೆ ವಾರದಲ್ಲಿ ಎರಡು ದಿನ, ನಿಗದಿತ ವೇಳೆಯಲ್ಲಿ, ಮತ್ತೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕುಳಿತುಕೊಳ್ಳಬೇಕು.

ತಜ್ಞರ ನೆರವು

ಇಷ್ಟಾದರೂ ಆತಂಕ ವಾರಗಟ್ಟಲೆ ಬಿಡದಿದ್ದರೆ, ನಿದ್ರೆ ಕೆಟ್ಟರೆ, ಬದುಕೇ ಬೇಡವೆನಿಸಿದರೆ ತಡಮಾಡದೆ ಮನೋವೈದ್ಯರನ್ನು ಕಾಣಬೇಕು. ಆಪ್ತಸಮಾಲೋಚನೆ, ಔಷಧ ಎರಡರಿಂದಲೂ ಗುಣಕಾಣುವ ಕಾಯಿಲೆಯಿದು. ಆದರೆ ಔಷಧವನ್ನು ತಾವಾಗಿ ನಿಲ್ಲಿಸಬಾರದು. ಬೆಂಗಳೂರಿನ ನಿಮ್ಹಾನ್ಸ್ ನಮ್ಮ ರಾಜ್ಯದಲ್ಲಿಯೇ ಇದೆ. ಕೇಂದ್ರ ಸರ್ಕಾರವು 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿ ಮಾತನಾಡಬಹುದು. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆಯು ದೈಹಿಕ ಕಾಯಿಲೆಗಳಂತೆಯೇ ಮಾನಸಿಕ ಕಾಯಿಲೆಗಳ ಚಿಕಿತ್ಸೆಗೂ ವಿಮಾ ಸೌಲಭ್ಯವಿರಬೇಕೆಂದು ವಿಧಿಸಿದೆ. ತಮ್ಮ ಪಾಲಿಸಿಯ ಷರತ್ತುಗಳನ್ನು ಒಮ್ಮೆ ಓದಿ ನೋಡುವುದು ಒಳಿತು.

ಮೇಲ್ಮನವಿಯನ್ನು ಎಂಟನೆಯ ದಿನ ಸಲ್ಲಿಸಿದೆವು. ಆ ಉದ್ಯಮಿ ಚಿಕಿತ್ಸೆಯನ್ನೂ ಪಡೆದರು. ಚಿಂತೆ ಈಗಲೂ ಇದೆ ಎನ್ನುತ್ತಾರೆ. ಆದರೆ ಮಂಗಳವಾರ ಮತ್ತು ಶುಕ್ರವಾರ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲ ಪತ್ರಗಳನ್ನೂ ತೆರೆಯುತ್ತಾರೆ. ವಾಚಕರ ಮೇಜಿನ ಖಾನೆಯಲ್ಲಿಯೂ ಅಂತಹ ಲಕೋಟೆಯೊಂದಿದ್ದರೆ, ನಾಳೆ ಬೆಳಿಗ್ಗೆ ನಂಬಿಕಸ್ಥರೊಬ್ಬರ ಎದುರಿನಲ್ಲಿ ಅದನ್ನು ತೆರೆಯಬೇಕೆಂದು ನನ್ನ ವಿನಂತಿ.